ಮೂಲೆ ಕತ್ತರಿಸಿದ ಬೆಲ್ಟಿನ ತುಂಡು

ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿದ್ದ ಶಾಮೀದಸಾಬರ ಗ್ಯಾರೇಜಿಗೆ ಬೋರ್ಡ್ ಇರಲಿಲ್ಲ. ಅವರ ಹುಟ್ಟೂರು ಕುರುಗೋಡು. ಅಲ್ಲಿ ಹೊಲಗಳ ಡೀಸೆಲ್ ಪಂಪ್‌ಸೆಟ್ ಬಿಚ್ಚಿ ಜೋಡಿಸುತ್ತ ಕೆಲಸ ಕಲಿತವರು. ಇಂಜಿನ್ ರಿಪೇರಿ ಮುಗಿದ ಮೇಲೆ ಗಾಡಿಯನ್ನು ಚಾಲೂ ಇಟ್ಟು, ಮುಚ್ಚಿದ ಬಾನೆಟ್ಟಿನ ಮೇಲೆ ಒಂದು ಲೋಟ ಚಹಾ ಇಡುವುದು ಅವರ ಪದ್ಧತಿ. ಚಹಾ ಅಲುಗಾಡದಿದ್ದರೆ ಅದನ್ನು ಗಾಡಿಯವರಿಗೇ ಕುಡಿಯಲು ಕೊಡುತ್ತಿದ್ದರು. ಅಲುಗಾಡಿದರೆ ಚಹಾ ಚೆಲ್ಲಿ, ಬಾನೆಟ್ ಮತ್ತೆ ಎತ್ತುತ್ತಿದ್ದರು.

ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲ ಅದು. ಅವರ ಮಗ ಕೈಸರ್ ಗ್ಯಾರೇಜು ಬಿಟ್ಟು ಟಿಪ್ಪರ್ ಓಡಿಸಲು ಹೋದ. ಆ ಬೇಸಿಗೆ ಮುಗಿಯುವ ಮೊದಲೇ ಗಣಿಯ ತಿರುವಿನಲ್ಲಿ ಟಿಪ್ಪರ್ ಉರುಳಿ ತೀರಿಕೊಂಡ. ಮನೆಯಲ್ಲಿ ತಾಯಿ ರಹೀಮಾಬೀ ಅತ್ತರು. ಗಂಡ ಅಳಲಿಲ್ಲ. ಮರುವಾರ ಗ್ಯಾರೇಜು ತೆರೆದು ಕೂತರು. ಲಾರಿ, ಟಿಪ್ಪರ್ ಬಂದರೆ ಮುಂದಿನ ಗ್ಯಾರೇಜಿನ ಕಡೆ ಕೈ ತೋರಿಸುತ್ತಿದ್ದರು. ಕಾರಿನ ಕೆಲಸ ಮಾತ್ರ ಮಾಡುತ್ತಿದ್ದರು, ಸರಿಯಾಗಿಯೇ ಮಾಡುತ್ತಿದ್ದರು. ಆದರೆ ಬಾನೆಟ್ಟಿನ ಮೇಲೆ ಚಹಾ ಇಡುವುದನ್ನು ಬಿಟ್ಟಿದ್ದರು.

ಮುಂದಿನ ವರ್ಷ ಒಂದು ಮಧ್ಯಾಹ್ನ ಸಿರುಗುಪ್ಪದ ಗಾದೆಪ್ಪ ತಮ್ಮ ಹಳೆಯ ಡೀಸೆಲ್ ಟ್ಯಾಕ್ಸಿ ತಂದು ನಿಲ್ಲಿಸಿದರು. ಇಂಜಿನ್ ಬಂದ್ ಮಾಡಲಿಲ್ಲ. ಬಾಗಿಲು, ಗಾಜು, ಕನ್ನಡಿ ಎಲ್ಲವೂ ಗಡಗಡ ನಡುಗುತ್ತಿದ್ದವು.

"ಕಾರಲ್ರಿ ಸಾಬ್ರೇ ಇದು, ಹಿಟ್ಟಿನ ಗಿರಣಿ. ಹಿಂದಿನ ಸೀಟಿನ್ಯಾಗ ಮೊಸರು ಇಟ್ರ ಊರು ಮುಟ್ಟೂದ್ರಾಗ ಬೆಣ್ಣಿ ತೇಲತೈತಿ."

ಶಾಮೀದಸಾಬರು ನಗಲಿಲ್ಲ. "ಓಡೋವಾಗೂ ನಡಗತೈತೇನು?"

"ಇಲ್ಲ, ಓಡಿದ್ರ ಸುಮ್ಮನಿರತೈತಿ. ನಿಂತಾಗ ಇದ್ರ ಆಟ. ಒಬ್ಬನ ಕಡೆ ತೋರಿಸ್ದೆ. ಧೂಳು ಹೊಕ್ಕೈತಿ ಅಂತ ಫಿಲ್ಟರ್ ಊದಿ ಕೊಟ್ಟ. ಏನೂ ಆಗ್ಲಿಲ್ಲ." ಗಾದೆಪ್ಪನವರ ದನಿ ತಗ್ಗಿತು. "ನಾಳೆ ನಮ್ಮ ಮನಿಯಾಕಿ ಹೊನ್ನೂರಮ್ಮನ್ನ ದವಾಖಾನಿಯಿಂದ ಬಿಡ್ತಾರ. ಬೆನ್ನಿನ ಆಪರೇಷನ್. ಸ್ವಲ್ಪ ಅದುರಿದ್ರೂ ಚೀರ್ತಾಳ."

"ಆಂಬುಲೆನ್ಸ್ ಮಾಡಬೇಕಿತ್ತು."

"ಒಲ್ಲೆ ಅಂತಾಳ್ರಿ. ಅದು ಬಾಗಿಲಿಗೆ ಬಂದ್ರ ಓಣಿ ಮಂದಿಯೆಲ್ಲ ಅಳಾಕ ಬರ್ತಾರಂತ. ದಾರೀಗುಂಟ ಲಾರಿ ಸಾಲು. ನಿಂತು ನಿಂತು ತೆವಳಬೇಕು. ಅದ್ರಾಗ ಈ ನಡುಕ! ಹೆಂಗ ಒಯ್ಲಿ ಆಕಿನ್ನ?"

ಆಗ ಬಳ್ಳಾರಿಯಲ್ಲಿ ಯಾವ ಗಾಡಿ ಕೆಟ್ಟರೂ ಮೊದಲು ಬೈಸಿಕೊಳ್ಳುತ್ತಿದ್ದುದು ಕೆಂಪು ಧೂಳು. ಶಾಮೀದಸಾಬರು ಫಿಲ್ಟರ್ ತೆಗೆದು ನೋಡಿದರು. ಶುದ್ಧವಾಗಿತ್ತು. ಆಮೇಲೆ ಇಂಜಿನ್ ಓಡುತ್ತಿರುವಾಗಲೇ ನಾಲ್ಕು ಸಿಲಿಂಡರಿಗೆ ಡೀಸೆಲ್ ಒಯ್ಯುವ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಮತ್ತೆ ಬಿಗಿದರು. ಕೆಲಸ ಮಾಡದ ಸಿಲಿಂಡರ್ ಇದ್ದರೆ ಅದರ ಪೈಪು ಸಡಿಲಿಸಿದಾಗ ಇಂಜಿನ್ನಿನ ಸದ್ದು ಬದಲಾಗುವುದಿಲ್ಲ. ಇಲ್ಲಿ ಪ್ರತಿ ಸಲವೂ ಸದ್ದು ಕುಗ್ಗಿತು.

"ನಾಲ್ಕೂ ದುಡಿತಾವ. ಇಂಜಿನ್ ಚಲೋ ಐತಿ."

ಇಂಜಿನ್ನಿನ ಕೆಳಗೆ ಜಾಕ್ ಇಟ್ಟು, ನಡುವೆ ಮರದ ಹಲಗೆ ಕೊಟ್ಟು, ಭಾರವನ್ನು ನಿಧಾನವಾಗಿ ಮೇಲೆತ್ತಿದರು. ಕಾರಿನ ಮೈ ಒಮ್ಮೆಲೇ ಸುಮ್ಮನಾಯಿತು. ಹಾಗಾದರೆ ದೋಷ ಇದ್ದುದು ಇಂಜಿನ್ನಿನಲ್ಲಲ್ಲ, ಅದು ಕೂತ ರಬ್ಬರಿನ ಮೌಂಟಿಂಗಿನಲ್ಲಿ. ಇಂಜಿನ್ ಬಂದ್ ಮಾಡಿಸಿ, ಬೋಲ್ಟ್ ಬಿಚ್ಚಿ, ಎಡಗಡೆಯ ಮೌಂಟಿಂಗಿಗೆ ಕೈ ಹಾಕಿ ಎಳೆದರು.

ಬಂದದ್ದು ಮೌಂಟಿಂಗ್ ರಬ್ಬರ್ ಆಗಿರಲಿಲ್ಲ. ಗಣಿಯಲ್ಲಿ ಅದಿರು ಸಾಗಿಸುವ ಕನ್ವೇಯರ್ ಬೆಲ್ಟನ್ನು ಕತ್ತರಿಸಿ ಪದರ ಪದರವಾಗಿ ಜೋಡಿಸಿದ್ದ ತುಂಡು. ಹಳೆಯ ಬೆಲ್ಟನ್ನು ಆಗ ಜನ ಎಲ್ಲದಕ್ಕೂ ಬಳಸುತ್ತಿದ್ದರು. ಎಮ್ಮೆ ಕಟ್ಟುವಲ್ಲಿ ಹಾಸುತ್ತಿದ್ದರು, ಬಚ್ಚಲ ಬಾಗಿಲಿಗೆ ಇಳಿಬಿಡುತ್ತಿದ್ದರು. ಅದು ಹರಿಯುವುದಿಲ್ಲ, ಆದರೆ ಮೆತ್ತಗೂ ಇರುವುದಿಲ್ಲ. ಇಂಜಿನ್ನಿನ ನಡುಕವನ್ನು ನುಂಗದೆ ಹಾಗೆಯೇ ಕಾರಿನ ಮೈಗೆ ದಾಟಿಸುತ್ತದೆ.

ತುಂಡಿನ ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಲಾಗಿತ್ತು. ಬಿಚ್ಚಿದ ರಬ್ಬರ್ ಮತ್ತೆ ಅದೇ ದಿಕ್ಕಿಗೆ ಕೂರಲಿ ಎಂದು ಹಾಗೆ ಗುರುತು ಮಾಡುವುದನ್ನು ಶಾಮೀದಸಾಬರು ಒಬ್ಬನಿಗೆ ಮಾತ್ರ ಕಲಿಸಿದ್ದರು.

ಅವರು ಕೇಳುವ ಮೊದಲೇ ಗಾದೆಪ್ಪನವರೇ ಹೇಳಿದರು.

"ಕೈಸರ್ ಹಾಕಿದ್ದರಿ. ನೀವು ಕುರುಗೋಡಿಗೆ ಹೋಗಿದ್ರಿ. ಅಂಗಡ್ಯಾಗ ಮಾಲು ಇದ್ದಿಲ್ಲ. 'ಮುಂದಿನ ವಾರ ಬಾ ಕಾಕಾ, ಹೊಸಾದು ಹಾಕ್ತೀನಿ, ಅಬ್ಬಾಗ ಹೇಳಬ್ಯಾಡ' ಅಂದಿದ್ದ. ಆ ವಾರನ ಟಿಪ್ಪರ್ ಹತ್ತಿದ. ಆಮ್ಯಾಲ ನಿಮ್ಮ ಮುಂದ ಬಂದು ಏನಂತ ಕೇಳ್ಲಿ? ನಡುಗಿದ್ರ ನಡುಗ್ಲಿ ಅಂತ ಓಡಿಸಿದೆ."

ಶಾಮೀದಸಾಬರು ತುಂಡನ್ನು ತಿರುವಿ ನೋಡಿದರು. ಬಟ್ಟೆಯಿಂದ ಎಣ್ಣೆ ಒರೆಸಿದರು.

"ಇಲ್ಲಿ ಬೆಲ್ಟ್ ಹಾಕಬಾರ್ದು," ಎಂದರು. "ಹೇಳಿದ್ದೆ ಅವಗ."

"ಇರ್ಲಿ ಬಿಡ್ರಿ ಸಾಬ್ರೇ. ಬ್ಯಾರೆ ಕಾರು ನೋಡ್ತೀನಿ. ನೀವು ಅದನ್ನ ಅಲ್ಲೇ ಇಡ್ರಿ."

"ಅಲ್ಲೇ ಇಟ್ಟು ಏನ್ ಮಾಡ್ಲೆಪಾ? ನಿನ್ನ ಹೆಂಡ್ತಿ ಮನೀಗೆ ಹೋಗಬೇಕಲ್ಲ."

ಹೊಸ ರಬ್ಬರ್ ಮೌಂಟಿಂಗ್ ತರಿಸಿ ಎರಡೂ ಕಡೆ ಹಾಕಿದರು. ಬೋಲ್ಟುಗಳನ್ನು ಒಮ್ಮೆಗೇ ಬಿಗಿಯದೆ, ಇಂಜಿನ್ ತನ್ನಷ್ಟಕ್ಕೆ ಕೂರಲು ಬಿಟ್ಟು ಆಮೇಲೆ ಬಿಗಿದರು. ಚಾಲೂ ಮಾಡಿ ಬಾನೆಟ್ ಮುಚ್ಚಿದರು. ಅಂಗೈಯನ್ನು ಅದರ ಮೇಲೆ ತುಂಬ ಹೊತ್ತು ಇಟ್ಟುಕೊಂಡು ನಿಂತರು. ಕೊನೆಗೆ ಎದುರಿನ ಹೋಟೆಲಿನ ಕಡೆ ತಿರುಗಿ ಕೂಗಿದರು.

"ಒಂದು ಚಾ ಕಳಸ್ರೀ!"

ಲೋಟವನ್ನು ಬಾನೆಟ್ಟಿನ ನಡುವೆ ಇಟ್ಟರು. ರಸ್ತೆಯಲ್ಲಿ ಲಾರಿ ಹೋದಾಗ ಚಹಾದ ಅಂಚು ಸ್ವಲ್ಪ ಕದಲಿತು. ಲಾರಿ ದೂರವಾದ ಮೇಲೆ ನಿಂತಿತು.

"ಕುಡಿ," ಎಂದರು.

ಮರುದಿನ ಮಧ್ಯಾಹ್ನ ಗಾದೆಪ್ಪನವರ ಫೋನ್ ಬಂತು. "ಮುಟ್ಟಿದ್ವಿ ಸಾಬ್ರೇ. ಲಾರಿ ಸಾಲಿನ್ಯಾಗ ನಿಂತಾಗ, 'ಯಾಕ ಬಂದ್ ಮಾಡ್ದಿ, ಕೆಟ್ಟತೇನು?' ಅಂತ ಕೇಳಿದ್ಳು. ಚಾಲೂನ ಐತಲೇ ಅಂದೆ. ನಂಬಲಿಲ್ಲ. ಆಮ್ಯಾಲ ನಿದ್ದಿ ಹತ್ತಿಬಿಡ್ತು ಆಕಿಗೆ."

"ಆತು," ಎಂದು ಶಾಮೀದಸಾಬರು ಫೋನ್ ಇಟ್ಟರು.

ಗ್ಯಾರೇಜಿನ ಮೂಲೆಯ ಗಾಳಿ ಕಂಪ್ರೆಸರಿಗೆ ಒಂದು ಕಾಲು ಗಿಡ್ಡ. ಚಾಲೂ ಆದರೆ ಅದು ನೆಲದ ಮೇಲೆ ಕುಣಿಯುತ್ತಿತ್ತು. ಬೆಲ್ಟಿನ ತುಂಡನ್ನು ತಂದು ಆ ಕಾಲಿನ ಕೆಳಗೆ ತಳ್ಳಿದರು. ಅಳತೆ ಸರಿಹೋಯಿತು. ಕತ್ತರಿಸಿದ ಮೂಲೆ ಹೊರಗೆ ಬರುವಂತೆ ಒಮ್ಮೆ ತಿರುಗಿಸಿ, ಸ್ವಿಚ್ ಹಾಕಿದರು.