ಬಳಚಿನ ಬೋಗಣಿ ವೇದಿಕೆ ಏರಿದ್ದು

ಪ್ರಾಥಮಿಕ ಶಾಲೆಗಳಲ್ಲಿ ಛದ್ಮವೇಷದ ಹಬ್ಬ ಇರಬೇಕೋ ಬೇಡವೋ ಎಂಬ ಗಹನವಾದ ಪ್ರಶ್ನೆಗೆ ನನ್ನ ಉತ್ತರ ಬಹುಕಾಲ ‘ಬೇಡ’ ಎಂದೇ ಇತ್ತು. ಯಾರೂ ಕೇಳಿರಲಿಲ್ಲ, ಆದರೂ ಉತ್ತರ ಸಿದ್ಧವಿತ್ತು. ಹೈಸ್ಕೂಲ್ ಮಾಸ್ತರಿಕೆಯಿಂದ ನಿವೃತ್ತನಾದವನ ಕೈಯಲ್ಲಿ ಕೊನೆಗೆ ಉಳಿಯುವುದು ಯಾರೂ ಕೇಳದ ಪ್ರಶ್ನೆಗಳ ಉತ್ತರಗಳೇ.

ನನ್ನ ವಿರೋಧಕ್ಕೆ ಆಧಾರಗಳೂ ಇದ್ದವು. ಹೊನ್ನಾವರದಲ್ಲಿ ಮೊಮ್ಮಗನ ಶಾಲೆಯ ಕೃಷ್ಣಾಷ್ಟಮಿಗೆ ಹೋಗಿದ್ದೆ. ಅಂಗಳದ ತುಂಬ ಕೃಷ್ಣರು. ಎಲ್ಲರದೂ ಒಂದೇ ಅಂಗಡಿಯ ಬಾಡಿಗೆ ಕಿರೀಟ, ಒಂದೇ ಅಳತೆಯ ಕೊಳಲು, ಒಂದೇ ಡಬ್ಬಿಯ ನೀಲಿ. ಕಾರ್ಯಕ್ರಮ ಮುಗಿದ ಮೇಲೆ ತಾಯಂದಿರು ತಂತಮ್ಮ ಕೃಷ್ಣನನ್ನು ಹುಡುಕಿಕೊಳ್ಳಬೇಕಾಯಿತು. ನನ್ನ ಮಗಳು ಕೈಹಿಡಿದು ಎಳೆದ ಕೃಷ್ಣ “ಆಂಟಿ, ನಾ ನಿಮ್ಮವ ಅಲ್ಲ” ಎಂದು ಬಹಳ ವಿನಯದಿಂದ ತಿಳಿಸಿದ. ಭಟ್ಕಳದ ನೆಂಟರ ಮನೆಯ ಮಗುವಿನ ಶಾಲೆಯಲ್ಲಿ ಡಿಸೆಂಬರಿನ ಹಬ್ಬಕ್ಕೆ ಅದಕ್ಕೆ ಹತ್ತಿಯ ಗಡ್ಡ ಅಂಟಿಸಿ ಸಾಂತಾಕ್ಲಾಸ್ ಮಾಡಿ ನಿಲ್ಲಿಸಿದ್ದರು. ನಮ್ಮ ಕಡೆಯ ಸೆಕೆ ಹತ್ತಿಯ ಗಡ್ಡವನ್ನು ಗೌರವಿಸುವಂಥದ್ದಲ್ಲ. ಮಗು ಹಾಡು ಮುಗಿಸುವಷ್ಟರಲ್ಲಿ ಗಡ್ಡ ಇಳಿದು ಎದೆಗೂದಲಾಗಿತ್ತು.

ನಾನು ಹುಟ್ಟಿದ್ದು ಭಟ್ಕಳದ ಮುಟ್ಟಳ್ಳಿಯಲ್ಲಿ, ಪಾಠ ಹೇಳಿದ್ದು ಹೊನ್ನಾವರದಲ್ಲಿ, ಈಗ ಇರುವುದು ಕುಮಟೆಯ ಅಘನಾಶಿನಿ ಕಡೆ. ಇಲ್ಲಿಯ ಕಿರಿಯ ಪ್ರಾಥಮಿಕ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ ನನ್ನನ್ನು ‘ಶಿಕ್ಷಣಪ್ರೇಮಿ’ ಎಂಬ ಹುದ್ದೆಗೆ ನೇಮಿಸಿದ್ದಾರೆ. ಈ ಪ್ರೇಮದಲ್ಲಿ ಮಾಡಬೇಕಾದ ಕೆಲಸ ಸಭೆಗೆ ಬಂದು ಚಾ ಕುಡಿಯುವುದು. ನಾನು ಅದನ್ನು ನಿಷ್ಠೆಯಿಂದ ಮಾಡುತ್ತ ಬಂದಿದ್ದೇನೆ.

ಮಕ್ಕಳ ದಿನಾಚರಣೆಗೆ ಮುಂಚಿನ ಸಭೆಯಲ್ಲಿ ಶಾಲೆಯ ಅಕ್ಕೋರು ಛದ್ಮವೇಷದ ಮಾತು ತೆಗೆದರು. ನಮ್ಮ ಜಿಲ್ಲೆಯಲ್ಲಿ ಪಾಠ ಹೇಳುವ ಹೆಂಗಸು ಎಷ್ಟೇ ಚಿಕ್ಕವಳಿರಲಿ, ಎಲ್ಲರಿಗೂ ಅಕ್ಕೋರೇ. ಇವರು ಧಾರವಾಡದ ಕಡೆಯವರು. ಬಂದು ವರ್ಷ ತುಂಬಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು ಬಾಡಿಗೆ ಕಿರೀಟದ ಪ್ರಸಂಗದಿಂದ ಶುರು ಮಾಡಿದೆ.

“ಬಾಡಿಗಿ ಬ್ಯಾಡ್ರಿ ಸರ್,” ಎಂದರು ಅಕ್ಕೋರು. “ಮನ್ಯಾಗ ಏನೈತಿ ಅದ್ರಾಗ ವೇಷ ಆಗ್ಬೇಕು. ದೇವ್ರು ಬ್ಯಾಡ, ರಾಜಾ-ರಾಣಿ ಬ್ಯಾಡ. ಊರಾಗ ದಿನಾ ನೋಡ್ತಾರಲ್ಲ, ಆ ಮಂದೀದ ವೇಷ ಹಾಕ್ಲಿ. ಕಂಡಕ್ಟರ್, ಅಂಗಡ್ಯಾವ್ರು, ಯಾರರ.”

ನನ್ನ ವಾದದ ಬುಡವೇ ಹೋಯಿತು. ಬಾಡಿಗೆ ಇಲ್ಲ, ನೀಲಿ ಡಬ್ಬಿ ಇಲ್ಲ, ಗಡ್ಡವಂತೂ ಇಲ್ಲವೇ ಇಲ್ಲ. ಆದರೆ ಸಭೆಯಲ್ಲಿದ್ದ ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಮಿತಿಯ ಅಧ್ಯಕ್ಷರು ಊರಿನ ರೇಷನ್ ಅಂಗಡಿ ನಡೆಸುವವರು. ಅವರು ಚಾದ ಲೋಟವನ್ನು ಕೆಳಗಿಟ್ಟರು.

“ಊರವ್ರ ವೇಷವಾ?” ಎಂದರು. “ಶಾಲೇಲಾ? ಈಗಲಾ?”

“ಯಾಕ್ರಿ, ಅದ್ರಾಗೇನ್ ತಪ್ಪೈತಿ?”

“ತಪ್ಪು ಎಂತ ಇಲ್ಲ,” ಎಂದರು ಅಧ್ಯಕ್ಷರು, ತಪ್ಪೆಲ್ಲ ತಮ್ಮದೇ ಎಂಬ ಮುಖದಲ್ಲಿ.

ಅಕ್ಕೋರಿಗೆ ಗೊತ್ತಿಲ್ಲದ ಸಂಗತಿ ಇಷ್ಟು. ನಮ್ಮ ಕಡೆ ಸುಗ್ಗಿಯ ಹೊತ್ತಿಗೆ ಹಗರಣ ಎಂಬ ಆಟ ಉಂಟು. ಊರಿನ ಗಂಡಸರು ವೇಷ ಕಟ್ಟಿ ಬೀದಿಗಿಳಿಯುತ್ತಾರೆ. ದೇವರ ವೇಷವಲ್ಲ, ಊರವರದೇ ವೇಷ. ಆ ವರ್ಷ ಯಾರು ರಸ್ತೆ ನುಂಗಿದರು, ಯಾರು ಗಲ್ಫಿನಿಂದ ಬಂದು ನಾಲ್ಕು ದಿನ ಕನ್ನಡ ಮರೆತರು, ಎಲ್ಲವೂ ಹೊರಬೀಳುತ್ತದೆ. ಯಾರ ವೇಷ ಬಂತೋ ಅವರು ಸಿಟ್ಟು ಮಾಡುವಂತಿಲ್ಲ, ಬಾಯಿ ತೆಗೆಯುವಂತಿಲ್ಲ. ಎಲ್ಲರ ಜೊತೆ ನಿಂತು ನಗಬೇಕು. ಹಾಗಾಗಿ ನಮ್ಮಲ್ಲಿ ಒಬ್ಬರ ವೇಷ ಇನ್ನೊಬ್ಬರು ಹಾಕಿದರು ಎಂದರೆ ಅವರಿಂದ ಏನೋ ಆಗಿದೆ ಎಂದೇ ಲೆಕ್ಕ. ಸುಗ್ಗಿಯಾದರೆ ವರ್ಷಕ್ಕೊಮ್ಮೆ, ಗೊತ್ತಿದ್ದ ಹೊತ್ತಿಗೆ ಬರುತ್ತದೆ, ಜನ ಸಿದ್ಧವಾಗಿರುತ್ತಾರೆ. ಅಕ್ಕೋರು ಅದನ್ನು ನವೆಂಬರಿನಲ್ಲಿ, ಸುಳ್ಳು ಹೇಳಲು ಇನ್ನೂ ಸರಿಯಾಗಿ ಕಲಿಯದ ಮಕ್ಕಳ ಕೈಗೆ ಕೊಟ್ಟುಬಿಟ್ಟಿದ್ದರು.

ಆಮೇಲಿನ ಎರಡು ವಾರ ನಮ್ಮ ಊರು ಕಂಡ ನೈತಿಕ ಪುನರುತ್ಥಾನವನ್ನು ಬಣ್ಣಿಸಲು ನನ್ನ ಭಾಷೆ ಸಾಲದು. ರೇಷನ್ ಅಂಗಡಿಯಲ್ಲಿ ತಿಂಗಳುಗಟ್ಟಲೆ ಸತ್ತಿದ್ದ ಸರ್ವರ್ ಏಕಾಏಕಿ ಜೀವಂತವಾಗಿ, ಹೆಬ್ಬೆಟ್ಟು ಇಟ್ಟ ಕೂಡಲೇ ಅಕ್ಕಿ ಬರತೊಡಗಿತು. ಕುಮಟೆಯ ಬಸ್ಸಿನ ಕಂಡಕ್ಟರು, ನಮ್ಮ ಸ್ಟಾಪಿನಲ್ಲಿ ಬಸ್ಸು ನಿಂತಿತೆಂಬ ಸಂಶಯ ಬರುವ ಮುಂಚೆ ಸೀಟಿ ಊದುತ್ತಿದ್ದ ಮನುಷ್ಯ, ಮುದುಕಿಯರ ಚೀಲ ಎತ್ತಿ ಒಳಗಿಟ್ಟು “ನಿಧಾನ ಹತ್ತಿ ಅಮ್ಮ” ಎನ್ನಲಾರಂಭಿಸಿದ. ಗಾಬರಿಯಾದ ಒಬ್ಬ ಅಜ್ಜಿ ಬಸ್ಸು ಬೇರೆಯದೆಂದು ತಿಳಿದು ಇಳಿದುಬಿಟ್ಟಳಂತೆ. ನಾನೂ ದಿನಾ ಗಡ್ಡ ತೆಗೆಯತೊಡಗಿದೆ, ಅದು ಕಾಕತಾಳೀಯ.

“ನಿಂಗಳ ವೇಷ ಹಾಕಲೆ ಯಾವ ಮಗುಗೂ ಪುರಸೊತ್ತಿಲ್ಲೆ,” ಎಂದಳು ಹೆಂಡತಿ. ಅವಳು ತೋಟದ ಸೀಮೆಯವಳು; ಇಂಥ ಸಮಾಧಾನವನ್ನು ತನ್ನ ಮನೆಮಾತಿನಲ್ಲೇ ಹೇಳುತ್ತಾಳೆ.

ಈ ಗಾಬರಿಯೆಲ್ಲ ನಗುವ ವಿಷಯವಾಗಿತ್ತು, ಒಬ್ಬಳ ಗಾಬರಿಯ ಹೊರತು.

ಒಂದು ಸಂಜೆ ಶಾಲೆಯ ಜಗಲಿಯಲ್ಲಿ ಅಕ್ಕೋರ ಜೊತೆ ಕೂತಿದ್ದೆ. ನಾಲ್ಕನೇ ಇಯತ್ತೆಯ ಒಂದು ಹುಡುಗಿಯ ತಾಯಿ ಬಂದಳು. ಹೊಳೆಯಲ್ಲಿ ಬಳಚು ಹೆಕ್ಕುವವಳು. ಸಮುದ್ರದ ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಿಗಿಳಿದು, ಮರಳಿನಲ್ಲಿ ಹುಗಿದಿರುವ ಈ ಚಿಪ್ಪುಮೀನುಗಳನ್ನು ತೆಗೆದು, ಸೊಂಟಕ್ಕೆ ಹಗ್ಗದಿಂದ ಕಟ್ಟಿಕೊಂಡ ತೇಲುವ ಬೋಗಣಿಗೆ ತುಂಬಿ, ಬಿಸಿಲಿಗೆ ಬಾಯಿ ಬಿಟ್ಟು ಕೆಡುವ ಮುಂಚೆ ಮಾರುವುದು ಅವಳ ದಿನದ ಕೆಲಸ. ಮಗಳು ಹಿಂದೆಯೇ ಇದ್ದಳು, ಸೆರಗಿನ ಮರೆಯಲ್ಲಿ.

“ಅಕ್ಕೋರೆ, ಒಂದು ಕೇಳೂಕೆ ಬಂದೆ,” ಎಂದಳು. ಕೂತುಕೊಳ್ಳಲಿಲ್ಲ. “ನನ್ನ ವೇಷ ಹಾಕೂಕೆ ನಾ ಎಂತ ತಪ್ಪು ಮಾಡಿದೆ?”

ಅಕ್ಕೋರಿಗೆ ಪ್ರಶ್ನೆ ಅರ್ಥವೇ ಆಗಲಿಲ್ಲ. ನನ್ನ ಮುಖ ನೋಡಿದರು. ಸಮಿತಿಗೆ ಸೇರಿದ ಮೇಲೆ ಮೊದಲ ಬಾರಿ ಉಪಯೋಗಕ್ಕೆ ಬಂದು, ನಾನು ಹಗರಣದ ಪದ್ಧತಿಯನ್ನು ಅವರಿಗೆ ವಿವರಿಸಿದೆ.

“ಇದೇ ಹೇಳ್ತದೆ, ಅವ್ವಿ ವೇಷ ಹಾಕ್ತೆ ಅಂತ,” ತಾಯಿ ಮಗಳನ್ನು ಮುಂದೆ ಎಳೆದಳು. “ಒದ್ದೆ ಸೀರೆ, ಕೆಸರು ಕಾಲು. ಅದ ಕಂಡು ಊರೆಲ್ಲ ನಗೂಕಾ? ಬೇರೆ ಶಾಲೇಲಿ ಮಕ್ಕಳು ರಾಣಿ ಆಗ್ತಾರೆ. ಇದಕ್ಕೆ ರಾಣಿ ಆಗೂಕೆ ಎಂತ ಆಯ್ತು?”

“ರಾಣಿ ಕಂಡವ್ರು ಯಾರು?” ಎಂದಳು ಹುಡುಗಿ, ನೆಲ ನೋಡುತ್ತ. “ನಿನ್ನ ದಿನಾ ಕಾಣ್ತೆ.”

ಮಗಳ ಆಸೆ ಒಂದು ಕಡೆ, ಊರ ನಗು ಇನ್ನೊಂದು ಕಡೆ. ಆ ಹೆಂಗಸು ನಡುವೆ ಸಿಕ್ಕಿಕೊಂಡು ನಿಂತದ್ದನ್ನು ಕಂಡಾಗ ಇನ್ನೇನು ಅಕ್ಕೋರು ಕಾರ್ಯಕ್ರಮವನ್ನೇ ಕೈಬಿಡುತ್ತಾರೆ ಎಂದುಕೊಂಡೆ. ನಾನಾಗಿದ್ದರೆ ಕೈಬಿಡುತ್ತಿದ್ದೆ, ಅದಕ್ಕೊಂದು ಸುಂದರವಾದ ಕಾರಣವನ್ನೂ ಕೊಡುತ್ತಿದ್ದೆ.

ಅಕ್ಕೋರು ತಾಯಿಯ ಕಡೆ ತಿರುಗಿ ಕೇಳಿದರು: “ನಿಮ್ಮ ಹಗರಣದಾಗ ಯಾರ ವೇಷ ಹಾಕ್ತಾರೋ ಅವ್ರು ಮಾತಾಡಂಗಿಲ್ಲ, ಹೌದಲ್ರಿ? ನಮ್ಮ ಸಾಲ್ಯಾಗ ಅದನ್ನ ತಿರುವಿ ಹಾಕೂಣು. ಯಾರ ವೇಷ ಬರತೈತಿ ಅವ್ರು ಎದ್ದು ನಿಂತು, ತಪ್ಪಿದ್ದಲ್ಲೆ ತಿದ್ದಬೇಕು. ಅವ್ರೇ ಅವತ್ತಿನ ಮಾಸ್ತರು. ನೀವು ಬರ್ರಿ ಅವ್ವಾ, ಮಗಳಿಗೆ ತಿದ್ರಿ.”

“ಅವತ್ತು ಇಳಿತ ಬೆಳಿಗ್ಗೇಲೇ ಅದೆ,” ಎಂದಳು ತಾಯಿ. “ಬರೂಕೆ ಆಗೂದಿಲ್ಲ. ಬೋಗಣಿಯೂ ಸಿಗೂದಿಲ್ಲ.” ಬೇಡ ಎನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ಮಗಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹೊರಟುಹೋದಳು.

ಆ ದಿನ ಬಂತು. ಶಾಲೆಯ ಅಂಗಳದಲ್ಲಿ ಶಾಮಿಯಾನ, ಬೆಂಚು ಜೋಡಿಸಿದ ವೇದಿಕೆ, ಮುಂದಿನ ಸಾಲಿನಲ್ಲಿ ಅಧ್ಯಕ್ಷರಿಗೆ ಟವೆಲ್ ಹಾಸಿದ ಖುರ್ಚಿ. ಊರಿಗೆ ಊರೇ ಬಂದಿತ್ತು. ಬಾರದಿದ್ದರೆ ತಮ್ಮ ಬೆನ್ನ ಹಿಂದೆ ಏನಾಗುತ್ತದೋ ಎಂಬ ಭಯವೂ ಜನರನ್ನು ಶಾಲೆಗೆ ತರಬಲ್ಲದು ಎಂದು ಅಂದು ಕಲಿತೆ.

ಮೊದಲು ಬಂದವ ಒಂದನೇ ಇಯತ್ತೆಯ ಕಂಡಕ್ಟರ್. ಖಾಕಿ ಚೀಲ ಮೊಣಕಾಲಿಗೆ ಬಡಿಯುತ್ತಿತ್ತು. “ಒಳಗೆ ಹೋಗಿ, ಒಳಗೆ ಹೋಗಿ, ಮಧ್ಯ ಖಾಲಿ ಅದೆ!” ಎಂದು ಕೂಗಿ ಸೀಟಿ ಊದಿದ. ಹಿಂದೆ ನಿಂತಿದ್ದ ನಿಜವಾದ ಕಂಡಕ್ಟರನಿಗೆ ತಡೆಯಲಾಗಲಿಲ್ಲ. “ಟಿಕೆಟ್ ಕೊಟ್ಟ ಮೇಲೆ ಸೀಟಿ ಊದೋ ಮಾರಾಯಾ, ಮುಂಚೆ ಊದಿದ್ರೆ ಡ್ರೈವರ್ ಬಯ್ತಾರೆ,” ಎಂದ. ಚಪ್ಪಾಳೆ ಬಿತ್ತು. ಅವನ ಮುಖ ಆ ಮಗುವಿನ ಮುಖಕ್ಕಿಂತ ಹೆಚ್ಚು ಅರಳಿತು. ಆಮೇಲೆ ರೇಷನ್ ಅಂಗಡಿ ಬಂತು. ಹುಡುಗಿಯೊಬ್ಬಳು ತಕ್ಕಡಿ ಹಿಡಿದು “ಸರ್ವರ್ ಬಂತು, ಓಡಿ ಬನ್ನಿ!” ಎಂದಳು. ಅಧ್ಯಕ್ಷರು ತಿದ್ದಲು ಎದ್ದರು, ತಿದ್ದುವುದಕ್ಕೇನೂ ಕಾಣದೆ ಕೂತರು. ಈ ಸಾಕ್ಷ್ಯ ಎರಡು ವಾರ ಮುಂಚೆ ಬಂದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅವರು ಬಲ್ಲರು, ನಾವೂ ಬಲ್ಲೆವು.

ಆಮೇಲೆ ಆ ಹುಡುಗಿ ಬಂದಳು. ತಾಯಿಯ ಹಳೆ ಸೀರೆಯನ್ನು ಮಡಿಚಿ ಮೊಣಕಾಲ ಮೇಲೆ ಕಟ್ಟಿದ್ದಳು. ಬೋಗಣಿ ಇಲ್ಲದ್ದಕ್ಕೆ ಕೈಯಲ್ಲಿ ಶಾಲೆಯ ಕೈತೋಟದ ಪ್ಲಾಸ್ಟಿಕ್ ಬಕೆಟ್ಟು. ಬಗ್ಗಿ, ವೇದಿಕೆಯ ಮೇಲೆ ತಾನೇ ಹರವಿದ್ದ ಚಿಪ್ಪುಗಳನ್ನು ಕೋಳಿ ಕಾಳು ಹೆಕ್ಕುವ ವೇಗದಲ್ಲಿ ಬಕೆಟ್ಟಿಗೆ ಎಸೆಯತೊಡಗಿದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಒಂದು ನಗು ಇನ್ನೊಂದಕ್ಕೆ ಅಂಟಿತು. ಹುಡುಗಿಯ ಕೈ ನಿಧಾನವಾಯಿತು. ಅವಳು ತಲೆ ಎತ್ತಿ ಗೇಟಿನ ಕಡೆ ನೋಡಿದಳು. ಅಕ್ಕೋರು ಎದ್ದು ನಿಂತರು. ನಾನು ಚಾದ ಲೋಟದೊಳಗೆ ನೋಡಿದೆ.

“ಏ ಮಗಾ! ಕಣ್ಣಲ್ಲಿ ಹುಡುಕೂದಲ್ಲ ಅದು! ಕಾಲಲ್ಲಿ!”

ಗೇಟಿನಲ್ಲಿ ತಾಯಿ. ಹೊಳೆಯಿಂದ ನೇರ ಬಂದಿದ್ದಳು. ಸೀರೆ ಸೊಂಟದವರೆಗೆ ಒದ್ದೆ, ಕಾಲು ಕೆಸರು, ಕಂಕುಳಲ್ಲಿ ಬಳಚು ತುಂಬಿದ ಬೋಗಣಿ. ಊರು ಕಾಣಬಾರದು ಎಂದು ಅವಳು ಹೇಳಿದ್ದೆಲ್ಲವನ್ನೂ ಹೊತ್ತುಕೊಂಡೇ ಜನರ ನಡುವೆ ನಡೆದು ಬಂದು ವೇದಿಕೆ ಹತ್ತಿದಳು. ಬಕೆಟ್ಟನ್ನು ಕಾಲಿನಿಂದ ಬದಿಗೆ ತಳ್ಳಿದಳು. ಬೋಗಣಿ ಇಳಿಸಿ, ಹಗ್ಗದ ತುದಿಯನ್ನು ಮಗಳ ಸೊಂಟಕ್ಕೆ ಕಟ್ಟಿದಳು.

“ನೀರಲ್ಲಿ ಕೆಳಗೆ ಎಂತ ಕಾಣ್ತದೆ? ಎಂತದೂ ಕಾಣೂದಿಲ್ಲ. ಹೆಬ್ಬೆರಳಲ್ಲಿ ಕೆದರಬೇಕು. ಹಿಂಗೆ. ಗಟ್ಟಿ ತಾಗ್ತು, ಆಗ ಬಗ್ಗು. ಸಣ್ಣದು ಸಿಕ್ರೆ ಬಿಟ್ಟುಬಿಡು, ಅದು ಬೆಳೀಬೇಕು. ಎಂತಕ್ಕೆ ಅಷ್ಟು ಗಡಬಡ? ಹೊಳೆ ಎಲ್ಲಿಗೂ ಓಡೂದಿಲ್ಲ.”

ಹುಡುಗಿ ಕಣ್ಣು ಮುಚ್ಚಿ ಹೆಬ್ಬೆರಳಿನಲ್ಲಿ ಬೆಂಚು ಕೆದರಿದಳು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಬೋಗಣಿ ಹಿಂದೆ ಕಿರುಗುಟ್ಟುತ್ತ ಬಂತು. ಯಾರೂ ನಗಲಿಲ್ಲ. ನನ್ನ ಪಕ್ಕದಲ್ಲಿದ್ದ ಹೆಂಡತಿ ಚಪ್ಪಲಿಯೊಳಗೆ ಹೆಬ್ಬೆರಳು ಆಡಿಸುತ್ತಿದ್ದಳು. ನೋಡಿದರೆ ಸಾಲಿಗೆ ಸಾಲೇ ಅದನ್ನು ಮಾಡುತ್ತಿತ್ತು, ನಾನೂ ಸೇರಿ.

“ಆತು. ಈಗ ಸರಿ ಆತು,” ಎಂದಳು ತಾಯಿ.

ಚಪ್ಪಾಳೆಯ ವಿಷಯ ಬರೆಯುವುದಿಲ್ಲ. ನನ್ನ ಗಂಭೀರ ಶೈಲಿಗೆ ಅದು ಹೊಂದದು. ಮಕ್ಕಳಿಗೆ ವೇಷ ಬೇಕು, ಹೀಗೆ ಬೇಕು ಎಂದು ನನ್ನ ಹಳೆಯ ಉತ್ತರವನ್ನು ಆ ಗದ್ದಲದಲ್ಲೇ ಯಾರಿಗೂ ತಿಳಿಯದಂತೆ ಹಿಂತೆಗೆದುಕೊಂಡೆ.

“ಅವ್ವಾರ, ಕೂಡ್ರಿ,” ಎಂದು ಅಕ್ಕೋರು ಮುಂದಿನ ಸಾಲು ತೋರಿಸಿದರು. ಅಲ್ಲಿ ಖಾಲಿ ಇದ್ದದ್ದು ಟವೆಲ್ ಹಾಸಿದ ಒಂದೇ ಖುರ್ಚಿ. ಅಧ್ಯಕ್ಷರು ಆಗಷ್ಟೇ ಭಾಷಣಕ್ಕೆಂದು ಎದ್ದಿದ್ದರು. ಅವಳು ಒದ್ದೆ ಸೀರೆಯಲ್ಲೇ ಅದರಲ್ಲಿ ಕೂತಳು. ಅಧ್ಯಕ್ಷರು ತಮ್ಮ ಟವೆಲ್ಲಿನ ಕಡೆ ಒಮ್ಮೆ ನೋಡಿ, ಎರಡು ಹಾಳೆಯ ಭಾಷಣ ಬಿಚ್ಚಿದರು.

“ಬೇಗ ಮುಗಿಸಿ ಅಧ್ಯಕ್ಷರೆ,” ಎಂದಳು ಅವಳು. “ಬಿಸಿಲಿಗೆ ಬಳಚು ಬಾಯಿ ಬಿಡ್ತದೆ.”

ಅವರು ಮಕ್ಕಳಿಗೆ ಶುಭ ಕೋರಿ ಹಾಳೆ ಮಡಿಚಿದರು. ನಮ್ಮ ಶಾಲೆಯ ಇತಿಹಾಸದಲ್ಲಿ ಅಷ್ಟು ಚಿಕ್ಕ, ಅಷ್ಟು ಒಳ್ಳೆಯ ಭಾಷಣ ಆಗಿದ್ದಿಲ್ಲ.

ಉಳಿದ ಮಕ್ಕಳು ವೇಷ ಕಳಚಿ ಸಿಹಿ ತಿನ್ನಲು ಓಡಿದರು. ಆ ಹುಡುಗಿ ಕಳಚಲಿಲ್ಲ. ತಾಯಿ ಬೋಗಣಿಯನ್ನು ಕಂಕುಳಿಗೆ ಏರಿಸಿದಾಗಲೂ ಹಗ್ಗದ ಇನ್ನೊಂದು ತುದಿ ಮಗಳ ಸೊಂಟದಲ್ಲೇ ಇತ್ತು. ಬಿಚ್ಚುವುದು ಇಬ್ಬರಿಗೂ ನೆನಪಾಗಲಿಲ್ಲ. ಹಾಗೇ ಒಬ್ಬರ ಹಿಂದೊಬ್ಬರು ಗೇಟು ದಾಟಿ ಹೊಳೆಯ ದಾರಿ ಹಿಡಿದರು.