ಅಪ್ಪನ ಕೆರೆ ವಸ್ತಿ

ನಮ್ಮಪ್ಪನಿಗೆ ವರ್ಷಕ್ಕೊಮ್ಮೆ ಕೆರೆಯ ಹುಚ್ಚು ಹಿಡಿಯುತ್ತಿತ್ತು. ಜಹೀರಾಬಾದಿನಲ್ಲಿ ಹೈವೇಗೆ ಮುಖ ಮಾಡಿದ ಬಟ್ಟೆ ಅಂಗಡಿ ಅವನದು. ದಿನವಿಡೀ ಲಾರಿಗಳ ಹಾರ್ನು, ಕಬ್ಬಿನ ಟ್ರಾಕ್ಟರು, ಹತ್ತು ಸೀರೆ ಬಿಚ್ಚಿಸಿ ಒಂದನ್ನೂ ಒಯ್ಯದ ಗಿರಾಕಿಗಳು. ಸಂಕ್ರಾಂತಿ ಮುಗಿದ ವಾರ ಅಂಗಡಿಗೆ ಬೀಗ ಜಡಿದು, ಎರಡು ಕಂಬಳಿ ಸುತ್ತಿ ಹೆಗಲಿಗೇರಿಸಿದನೆಂದರೆ ಮುಗಿಯಿತು, ಮೂರು ದಿನ ಅವನು ಯಾರ ಕೈಗೂ ಸಿಗುವವನಲ್ಲ. ನಾರಾಯಣಖೇಡಕ್ಕೆ ಒಂದು ಬಸ್ಸು, ಅಲ್ಲಿಂದ ಕಂಗ್ಟಿ ಕಡೆಗೆ ಇನ್ನೊಂದು, ಆಮೇಲೆ ಕೆಂಪು ಮಣ್ಣಿನ ದಾರಿಯಲ್ಲಿ ಒಂದೂವರೆ ತಾಸು ನಡಿಗೆ. ಕಾಡಿನ ನಡುವೆ, ಕುರಿಯವರಿಗೆ ಬಿಟ್ಟರೆ ಯಾರಿಗೂ ಬೇಡವಾದ ಒಂದು ಕೆರೆ. ಅಲ್ಲಿ ಉಳಿಯುವುದಕ್ಕೆ ಅವನು ‘ವಸ್ತಿ’ ಎನ್ನುತ್ತಿದ್ದ.

ಅವ್ವ ತೀರಿಕೊಂಡ ವರ್ಷ ನನ್ನನ್ನು ಮೊದಲ ಸಲ ಕರೆದುಕೊಂಡು ಹೋದ. ಆಗ ನಾನು ಆರನೆಯ ಇಯತ್ತೆ. ಮನೆಯಲ್ಲಿ ಪಲ್ಲಂಗವಿದ್ದರೂ ಕಲ್ಲಿನ ಮೇಲೆ ಮಲಗಲು ಹೋಗುತ್ತಾರೆ ಅಪ್ಪ-ಮಗಳು ಎಂದು ಬಳಗವೆಲ್ಲ ನಗುತ್ತಿತ್ತು. ನಗಲಿ ಬಿಡಿ. ಅಂಗಡಿಯಲ್ಲಿ ಅಪ್ಪ ಅರಿವೆಯ ಅಳತೆ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಕೆರೆಯ ದಂಡೆಯಲ್ಲಿ ಮಾತ್ರ ಅವ್ವನ ಸುದ್ದಿ ತೆಗೆಯುತ್ತಿದ್ದ. ಅವಳು ಹೇಗೆ ಜಗಳಾಡುತ್ತಿದ್ದಳು, ಎಷ್ಟು ಖಾರ ತಿನ್ನುತ್ತಿದ್ದಳು, ನಾನು ಹುಟ್ಟಿದಾಗ ಏನಂದಳು, ಎಲ್ಲ. ನನ್ನ ಪಾಲಿಗೆ ಅವ್ವ ಇದ್ದದ್ದು ವರ್ಷದಲ್ಲಿ ಆ ಮೂರು ದಿನ. ಅದಕ್ಕೇ ತಾಂಡೂರಿಗೆ ಕೊಟ್ಟ ಮೇಲೂ, ಶಾಲೆಯಲ್ಲಿ ಟೀಚರಾದ ಮೇಲೂ, ನಾನೇ ಎರಡು ಮಕ್ಕಳ ತಾಯಾದ ಮೇಲೂ, ಒಂದು ವಸ್ತಿಯನ್ನೂ ತಪ್ಪಿಸಿದವಳಲ್ಲ.

ಅಲ್ಲಿ ಅವನ ಕಾಯಿದೆಯೇ ಬೇರೆ. ಟೆಂಟು ಬೇಡ, ಗ್ಯಾಸು ಬೇಡ, ಮೊಬೈಲು ಚೀಲದಿಂದ ಹೊರಗೆ ಬರಬಾರದು. ದನ ಓಡಾಡುವ ಜಾಡಿಗಿಂತ ಎತ್ತರದ ಜಾಗ ನೋಡಿ, ಇರುವೆ ಸಾಲು ಎಲ್ಲಿದೆಯೆಂದು ಕುಕ್ಕರಗಾಲಲ್ಲಿ ಕೂತು ಪರೀಕ್ಷೆ ಮಾಡಿ, ತಂಗಡಿ ಗಿಡದ ಬರಲಿನಿಂದ ಗುಡಿಸುತ್ತಿದ್ದ. ಒಣಗಿದ ತೇಗದ ಎಲೆ ಹಾಸಿ ಮೇಲೆ ಕಂಬಳಿ. ದಂಡೆಯಿಂದ ಎರಡು ಮಾರು ದೂರ ಕೈಯಿಂದ ಮರಳು ತೋಡಿ ವರತೆ ಮಾಡಿದರೆ ತಿಳಿನೀರು ಬರುತ್ತಿತ್ತು, ಕುಡಿಯಲು ಅದೇ. ಮೂರು ಕಲ್ಲಿನ ಒಲೆ, ಒಂದು ಬೋಗುಣಿ, ಮನೆಯಿಂದ ತಂದ ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಬೆಂಕಿ ಹೊತ್ತಿಸಲು ಎರಡು ಕಡ್ಡಿಗಿಂತ ಹೆಚ್ಚು ಗೀರಿದರೆ ನನ್ನ ಕಡೆ ನೋಡಿ, ‘ಶಾಳ್ಯಾಗ ಏನ್ ಕಲಸ್ತೀ ಬೇ ಹುಡುಗ್ರಿಗಿ?’ ಎಂದು ಕಾಡುತ್ತಿದ್ದ.

ಇಷ್ಟೆಲ್ಲದಕ್ಕೂ ಮೊದಲು ಅವನ ಲಿಂಗಪೂಜೆ. ನಾವು ಲಿಂಗವಂತರು. ಹುಟ್ಟಿದ ಮಗುವಿಗೆ ಕಟ್ಟಿದ ಇಷ್ಟಲಿಂಗ ಸಾಯುವ ತನಕ ಮೈಮೇಲಿರಬೇಕು, ದಿನಾ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ನೀರೂ ಹಾಕಬಾರದು. ಈಗ ಎಷ್ಟು ಜನ ಪಾಲಿಸುತ್ತಾರೋ ಶಿವನಿಗೇ ಗೊತ್ತು. ನನ್ನದಂತೂ ಸೆಕೆಗೆ ಕುತ್ತಿಗೆ ತುರಿಸುತ್ತದೆಂದು ಪರ್ಸಿನಲ್ಲಿ ಬೀಗದ ಕೈಗಳ ಜೊತೆ ಬಿದ್ದಿರುತ್ತಿತ್ತು. ಅಪ್ಪ ಹಾಗಲ್ಲ. ಬಿಳಿ ಅರಿವೆಯಲ್ಲಿ ಸುತ್ತಿದ ಲಿಂಗ ಶಿವದಾರದಲ್ಲಿ ಅವನ ಎದೆಯ ಮೇಲೆ ಸದಾ ಇರುತ್ತಿತ್ತು. ಬೆಳಿಗ್ಗೆ ಸೊಂಟದುದ್ದ ನೀರಿಗಿಳಿದು ಮೂರು ಮುಳುಗು ಹಾಕಿ, ದಂಡೆಯ ಬಂಡೆಯ ಮೇಲೆ ಕೂತು ಅಂಗೈ ತೆರೆಯುತ್ತಿದ್ದ. ಅಷ್ಟು ಹೊತ್ತು ನಾನು ಚಹಾ ಇಡದೆ ಕಾಯಬೇಕು. ಹಸಿವಿಗೆ ಗೊಣಗುತ್ತಿದ್ದೆ.

ನಾಲ್ಕೈದು ವರ್ಷದ ಹಿಂದೆ ಹೊರಡುವ ಎರಡು ದಿನ ಮೊದಲು ಅಪ್ಪ ಫೋನು ಮಾಡಿದ್ದ. ಅವ್ವ ಹೋದ ಮೇಲೆ ನನ್ನನ್ನೇ ‘ಅವ್ವಾ’ ಎನ್ನುತ್ತಿದ್ದ. ‘ಅವ್ವಾ, ಬರ್ತಾ ಒಂದು ಶಿವದಾರ ತಗೊಂಡು ಬಾ. ಇದು ಜೀರ್ಣ ಆಗ್ಯದ.’ ಆತು ಎಂದೆ. ಮರೆತೆ. ನಾರಾಯಣಖೇಡದ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ. ‘ಅಯ್ಯೋ, ಮರ್ತೆನಪ್ಪ’ ಎಂದೆ. ‘ಇಲ್ಲೇ ಬಜಾರದಾಗ ಸಿಗ್ತದ, ಹತ್ತು ಮಿನಿಟ್ನ್ಯಾಗ ಬರ್ತೀನಿ’ ಎಂದು ಎದ್ದ. ಅಷ್ಟರಲ್ಲಿ ಕಂಗ್ಟಿ ಬಸ್ಸಿನವನು ಇಂಜಿನ್ ಶುರು ಮಾಡಿದ್ದ, ಇನ್ನೊಂದು ಬಸ್ಸು ಮಧ್ಯಾಹ್ನದ ಮೇಲೆ. ನನಗೆ ಸಿಟ್ಟು ಬಂತು. ‘ಮೂರು ದಿನ ತಡೀತದ ಬಿಡಪ್ಪ! ಇಷ್ಟು ವರ್ಷ ತಡದಿದ್ದು ಇವತ್ತೇ ಹರೀತದೇನು?’ ಎಂದು ರಟ್ಟೆ ಹಿಡಿದು ಬಸ್ಸು ಹತ್ತಿಸಿದೆ. ಪಾಪ, ಹತ್ತಿದ. ಆ ನಾಲಗೆಯನ್ನು ಕಿತ್ತು ಬಿಸಾಡಬೇಕು ಎಂದು ಈಗಲೂ ಅನ್ನಿಸುತ್ತದೆ.

ಮರುದಿನ ಬೆಳಿಗ್ಗೆ ನಾನು ಒಲೆ ಊದುತ್ತಿದ್ದೆ. ಅಪ್ಪ ನೀರಿನಿಂದ ಬೇಗ ಬರಲಿಲ್ಲ. ತಿರುಗಿ ನೋಡಿದರೆ ಎರಡೂ ಕೈ ನೀರೊಳಗೆ ಬಿಟ್ಟು ಬಗ್ಗಿದ್ದಾನೆ. ಮೀನು ಹಿಡಿಯುತ್ತಿದ್ದಾನೇನೋ ಎಂದು ನಗು ಬಂತು.

‘ಹೋತು’ ಎಂದ.

‘ಏನು ಹೋತು?’

‘ಲಿಂಗ ಹೋತು.’

ಬಲಗೈಯಲ್ಲಿ ತುಂಡಾದ ದಾರವನ್ನು ಮೇಲೆತ್ತಿ ತೋರಿಸಿದ. ಸೀರೆ ಸಮೇತ ನೀರಿಗಿಳಿದೆ. ಕಾಲಿಟ್ಟರೆ ಮೊಳಕಾಲವರೆಗೆ ಹೂಳು, ಹುಡುಕಿದಷ್ಟೂ ನೀರು ರಾಡಿ. ಬಿಸಿಲೇರುವ ತನಕ ಇಬ್ಬರೂ ಕೆಸರು ಬಾಚಿದೆವು. ಕೊನೆಗೆ ನಾನೇ ಎಳೆದುಕೊಂಡು ಬಂದು ದಂಡೆಯಲ್ಲಿ ಕೂಡಿಸಿದೆ.

‘ಆಮ್ಯಾಲ ಹುಡುಕೋಣ. ಮೊದ್ಲು ಒಂದು ರೊಟ್ಟಿ ತಿಂದು ಶುಗರ್ ಗುಳಿಗಿ ತಗೋ.’

‘ಲಿಂಗ ಇಲ್ಲದ ಹ್ಯಾಂಗ ಉಣ್ಲಿ?’

‘ನೀರರೆ ಕುಡಿ.’

‘ಸಿಗ್ಲಿ. ಕುಡೀತೀನಿ.’

ಬೈದೆ. ಅತ್ತೆ. ಶಿವ ಏನು ನಿನ್ನ ಗುಳಿಗೆ ಲೆಕ್ಕ ಇಡುತ್ತಾನೇನು ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಜಗಳಾಡಿ ಗೆಲ್ಲುತ್ತಿದ್ದೆನೇನೋ. ಕೆರೆಯ ಕಡೆ ನೋಡುತ್ತ ಕೂತ. ‘ನೀ ದಾರ ಮರೆತೆ’ ಎಂದು ಒಂದು ಮಾತೂ ಅನ್ನಲಿಲ್ಲ.

ಆಚೆ ದಂಡೆಯಲ್ಲಿ ಕುರಿಯವರು ಇಳಿದಿದ್ದರು. ನನ್ನ ಅಳು ಕೇಳಿ ಹಿರಿಯ ಕುರಿಯವನೊಬ್ಬ ಬಂದ. ವಿಷಯ ಹೇಳಿದೆ. ಅವನು ಲಿಂಗ ಕಟ್ಟಿದವನಲ್ಲ, ಆದರೂ ಮುಖ ಸಣ್ಣದಾಯಿತು. ‘ಸಾವಕಾರ್ರು ಎಲ್ಲಿ ನಿಂತಿದ್ರು ತೋರಸ್ರಿ ಅಕ್ಕೋರೆ’ ಎಂದವನೇ ತನ್ನ ಇಬ್ಬರು ತಮ್ಮಂದಿರನ್ನು ಕೂಗಿದ. ಮೂವರೂ ಕೈ ಕೈ ಹಿಡಿದು ಸಾಲಾಗಿ, ಹೂಳನ್ನು ಅಂಗಾಲಿನಿಂದ ತಡವುತ್ತ, ಒಂದೊಂದೇ ಹೆಜ್ಜೆ ನಡೆದರು. ಬಳೆ ಚೂರು ಸಿಕ್ಕಿತು, ತಂಬಿಗೆಯ ತಳ ಸಿಕ್ಕಿತು, ಶಂಖದ ಹುಳ ರಾಶಿ ಸಿಕ್ಕವು. ಅವತ್ತು ಹೊತ್ತು ಮುಳುಗುವ ತನಕ, ಮರುದಿನ ಬೆಳಿಗ್ಗೆಯಿಂದ ಮತ್ತೆ. ಲಿಂಗ ಸಿಗಲಿಲ್ಲ.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅಪ್ಪ ಮುತ್ತುಗದ ಗಿಡದ ಕೆಳಗೆ ಅಡ್ಡಾಗಿದ್ದ. ತುಟಿ ಒಡೆದಿತ್ತು. ಮಾತಾಡಿದರೆ ನಾಲಗೆ ಅಂಟಿಕೊಳ್ಳುತ್ತಿತ್ತು. ಊರಿಂದ ಆಟೋ ತರಿಸುತ್ತೇನೆ, ದವಾಖಾನೆಗೆ ಹೋಗೋಣ ಎಂದರೆ ತಲೆ ಅಲ್ಲಾಡಿಸಿದ. ‘ಇಲ್ಲೇ ಬಿಟ್ಟು ಹ್ಯಾಂಗ ಬರ್ಲಿ ಅವ್ವಾ? ಅರವತ್ತಾರು ವರ್ಷ ಆತು.’ ಅವ್ವನನ್ನು ಕಳೆದುಕೊಂಡಾಗ ನನಗೆ ಬುದ್ಧಿ ಇರಲಿಲ್ಲ. ಈಗ ಇತ್ತು, ಇವನೂ ಹೋಗುತ್ತಾನೆ ಎಂದು ಸ್ಪಷ್ಟವಾಗಿ ಕಾಣುತ್ತಿತ್ತು.

ಗಿಡಗಳ ಮರೆಗೆ ಹೋಗಿ ಪರ್ಸು ತೆಗೆದೆ. ನನ್ನ ಲಿಂಗ ಅಲ್ಲಿತ್ತು, ಅಪ್ಪನದರಂತೆಯೇ ಬಿಳಿ ಅರಿವೆಯಲ್ಲಿ. ಅದೇ ಕಪ್ಪು, ಅದೇ ಗಾತ್ರ, ಅಥವಾ ಹಾಗೆಂದು ನನ್ನ ಕಣ್ಣಿಗೆ ಕಂಡಿತು. ಸೆರಗಿನಲ್ಲಿ ಮುಚ್ಚಿಕೊಂಡು ನೀರಿಗಿಳಿದೆ. ಕೆಸರಿನಲ್ಲಿ ಅದ್ದಿ, ಅರಿವೆಗೆ ಚೆನ್ನಾಗಿ ರಾಡಿ ಬಳಿದು, ‘ಸಿಕ್ತು! ಅಪ್ಪಾ, ಸಿಕ್ತು!’ ಎಂದು ಕೂಗಿದೆ. ಕುರಿಯವನು ತಿರುಗಿ ನನ್ನ ಮುಖ ನೋಡಿದ. ನಾನು ನಿಂತ ಜಾಗವನ್ನು ಅವರು ಅವತ್ತೇ ಎರಡು ಸಲ ತುಳಿದಿದ್ದರು. ‘ಮಲ್ಲಣ್ಣ ದೊಡ್ಡವ’ ಎಂದು ತನ್ನ ದೇವರ ಹೆಸರಷ್ಟೇ ಹೇಳಿ, ತಮ್ಮಂದಿರನ್ನು ಕರೆದುಕೊಂಡು ಹೊರಟುಹೋದ.

ಅಪ್ಪ ಎದ್ದು ಕೂತ. ಅರಿವೆ ಬಿಚ್ಚಿ, ವರತೆಯ ನೀರಿನಲ್ಲಿ ತೊಳೆದು, ಅಂಗೈಯಲ್ಲಿಟ್ಟುಕೊಂಡ. ಬಹಳ ಹೊತ್ತು ನೋಡಿದ. ಆಮೇಲೆ ವಿಭೂತಿ ಹಚ್ಚಿದ, ಕಣ್ಣು ಮುಚ್ಚಿದ. ಪೂಜೆ ಮುಗಿಸಿ ‘ರೊಟ್ಟಿ ಕೊಡು’ ಎಂದ. ನೀರಲ್ಲಿ ನೆನೆಸಿ ಕೊಟ್ಟೆ, ಉಂಡ. ಆಮೇಲೆ ‘ನೀನೂ ಉಣ್ಣು’ ಎಂದ. ನಾನು ಅಳುತ್ತಳುತ್ತಲೇ ನಾಲ್ಕು ರೊಟ್ಟಿ ತಿಂದೆ. ಗೆದ್ದೆ ಅಂದುಕೊಂಡಿದ್ದೆ ಆವತ್ತು.

ಮುಂದಿನ ಸಂಕ್ರಾಂತಿಗೆ ಅಪ್ಪ ಕಂಬಳಿ ತೆಗೆಯಲಿಲ್ಲ. ಮೊಳಕಾಲು ನೋವು ಎಂದ. ಅದರ ಮುಂದಿನ ವರ್ಷ ಅಂಗಡಿಯಲ್ಲಿ ಕೆಲಸವೆಂದ. ಅವ್ವನ ಮಾತು ನಿಂತೇಹೋಯಿತು. ನಾನು ಎಷ್ಟು ಕೆಣಕಿದರೂ, ‘ಅದೆಲ್ಲ ಹಳೇದು’ ಎಂದು ಟಿವಿ ದೊಡ್ಡದು ಮಾಡುತ್ತಿದ್ದ. ನಾಲ್ಕು ವರ್ಷ ಹೀಗೆ ಹೋದವು. ಹೋದ ಚಳಿಗಾಲದಲ್ಲಿ ತಾನಾಗಿಯೇ ಫೋನು ಮಾಡಿ, ‘ವಸ್ತಿಗೆ ಹೋಗೋಣೇನು?’ ಎಂದ. ನಾನು ಶಾಲೆಗೆ ರಜೆ ಹಾಕಿ ಓಡಿ ಬಂದೆ.

ಅವನಿಂದ ನಡೆಯಲಾಗುತ್ತಿರಲಿಲ್ಲ, ಅರ್ಧ ದಾರಿ ಆಟೋದಲ್ಲಿ ಹೋದೆವು. ಕೆರೆಯಲ್ಲಿ ನೀರು ಚೆನ್ನಾಗಿತ್ತು. ಕಂಬಳಿ ಹಾಸಲೂ ಬಿಡಲಿಲ್ಲ. ನೇರ ಬಂಡೆಯ ಹತ್ತಿರ ಹೋಗಿ ಕೂತು, ಕೊರಳಿನಿಂದ ಲಿಂಗ ತೆಗೆದು ನನ್ನ ಕೈಯಲ್ಲಿಟ್ಟ.

‘ತಗೋ. ಇದು ನಿಂದು.’

ನಾನು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

‘ಅಂಗೈದಾಗ ಇಟ್ಟಕೂಡ್ಲೇ ಗೊತ್ತಾತು. ತೂಕಾನೇ ಬ್ಯಾರೆ.’

‘ಮತ್ತ ಯಾಕ ಉಂಡಿ ಅಪ್ಪಾ?’

‘ಎರಡು ದಿನ ನೀನೂ ಉಪವಾಸ ಇದ್ದಿ. ನಾ ಉಣ್ಣದಿದ್ರ ನೀ ಉಣ್ತಿದ್ದೇನು?’

ನಾನು ಅವನ ಮೊಳಕಾಲ ಮೇಲೆ ತಲೆಯಿಟ್ಟು ಅತ್ತೆ. ಅವನು ಬೆನ್ನು ತಟ್ಟುತ್ತ ಹೇಳಿದ. ‘ಇಷ್ಟು ದಿನ ಪೂಜಿ ಮಾಡಿಲ್ಲ ನಾ. ಮಗಳದು ಕೊರಳಾಗ ಹಾಕ್ಕೊಂಡೀನಿ, ತಪ್ಪಾತು ಅಂತ ದಿನಾ ಬೇಡ್ಕೊಂಡೀನಿ. ನಂದು ಇಲ್ಲಿ ಅದ.’ ನೀರಿನ ಕಡೆ ಗದ್ದ ಎತ್ತಿ ತೋರಿಸಿದ. ‘ಒಂದು ಮಾತು ನಡಸು ಅವ್ವಾ. ನಾ ಹೋದಾಗ ಯಾರದೂ ನನ್ನ ಕೈಯಾಗ ಇಡಬ್ಯಾಡ. ಖಾಲಿ ಇರ್ಲಿ.’

ಆತು ಎಂದೆ. ದಾರ ತರುತ್ತೇನೆಂದಾಗಲೂ ಹೀಗೇ ಅಂದಿದ್ದೆ.

ಅವತ್ತು ವಸ್ತಿ ಇರಲಿಲ್ಲ. ಖಾಲಿ ಅಂಗೈಯನ್ನು ಕೆರೆಯ ಕಡೆ ಹಿಡಿದುಕೊಂಡು ಒಂದು ತಾಸು ಕೂತ, ಎದ್ದ. ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ, ಅವ್ವ ಒಮ್ಮೆ ಅವನ ಅಂಗಿಗೆ ಇಸ್ತ್ರಿ ಮಾಡಲು ಹೋಗಿ ಸುಟ್ಟ ಕಥೆ ಹೇಳಿದ. ಯುಗಾದಿಗೆ ಮುಂಚೆ ದವಾಖಾನೆಯಲ್ಲಿ ತೀರಿಕೊಂಡ.

ಝರಾಸಂಗಂ ಹತ್ತಿರದ ನಮ್ಮ ಹೊಲದಲ್ಲಿ ಕುಣಿ ತೋಡಿದ್ದರು. ನಮ್ಮಲ್ಲಿ ಸುಡುವುದಿಲ್ಲ, ಕೂಡಿಸಿ ಮಣ್ಣು ಕೊಡುತ್ತೇವೆ, ಎಡಗೈಯಲ್ಲಿ ಅವರವರ ಲಿಂಗ ಇಟ್ಟು. ಅಪ್ಪನಿಗೆ ವಿಭೂತಿ ಹಚ್ಚಿ ಕೂಡಿಸಿದ್ದಾಯಿತು. ಸ್ವಾಮಿಗಳು ಅರಿವೆ ಸರಿಸಿ ಎದೆ ನೋಡಿದರು. ‘ಲಿಂಗ ಎಲ್ಲಿ ಅದ್ರಿ?’

ಬಳಗವೆಲ್ಲ ಸುತ್ತ ನಿಂತಿತ್ತು. ಅಪ್ಪನ ವಯಸ್ಸಿನವರು, ಅವನನ್ನು ಸಾವಕಾರ ಎಂದು ಕರೆದವರು, ವಸ್ತಿಗೆ ನಕ್ಕವರು. ಕೆರೆಯಲ್ಲಿದೆ, ನಾಲ್ಕು ವರ್ಷವಾಯಿತು, ನನ್ನಿಂದ ಹೋಯಿತು, ಅವನ ಕೈ ಹಾಗೇ ಬಿಡಿ ಎನ್ನಬೇಕಿತ್ತು. ಲಿಂಗವಿಲ್ಲದೆ ನಾಲ್ಕು ವರ್ಷ ಉಂಡನೇ ಎಂದು ಯಾರಾದರೂ ಅವನ ಹೆಣದ ಮುಂದೆ ಅಂದರೆ ಎಂದು ಹೆದರಿದೆ. ಅವನಿಗಾಗಿ ಹೆದರಿದೆನೋ ನನಗಾಗಿಯೇ ಹೆದರಿದೆನೋ ಹೇಳಲಾರೆ.

‘ದವಾಖಾನ್ಯಾಗ ಕಳದದ್ರಿ’ ಎಂದೆ.

‘ಇರ್ಲಿ, ಫಿಕರ್ ಮಾಡಬ್ಯಾಡ್ರಿ’ ಎಂದು ಸ್ವಾಮಿಗಳು ತಮ್ಮ ಜೋಳಿಗೆಯಿಂದ ಹೊಸದೊಂದು ಲಿಂಗ ತೆಗೆದು, ಮಂತ್ರ ಹೇಳಿ, ಅಪ್ಪನ ಅಂಗೈಯಲ್ಲಿಟ್ಟರು. ಬೆರಳು ಮಡಚುತ್ತಿರಲಿಲ್ಲ. ಬಿಳಿ ಅರಿವೆಯಿಂದ ಬಿಗಿದು ಕಟ್ಟಿದರು. ಅದರ ತೂಕ ಅಪ್ಪನಿಗೆ ಗೊತ್ತಿರಲಿಲ್ಲ. ನಾನು ಎರಡು ಹೆಜ್ಜೆ ದೂರದಲ್ಲಿ ನಿಂತು ನೋಡಿದೆ, ಮತ್ತೆ ಎಲ್ಲರ ಜೊತೆ ಮೂರು ಹಿಡಿ ಮಣ್ಣು ಹಾಕಿದೆ.