ಅಪ್ಪ ಎತ್ತಿ ನೋಡಿದ ಇನ್ವರ್ಟರ್

ನನ್ನ ಬಾಯಿಗೆ ಅವತ್ತು ಏನು ಬಡಿದಿತ್ತೋ ಕಾಣೆ. ಅವ್ವನ ಉಸಿರು ಉಳಿಸಬಹುದಾಗಿದ್ದ ಒಂದೇ ಒಂದು ಮಾತನ್ನು ಚಿತ್ರದುರ್ಗದ ಅಂಗಡಿಯೊಂದರಲ್ಲಿ ನುಂಗಿಕೊಂಡೆ. ಹೊಳಲ್ಕೆರೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಮೇಷ್ಟ್ರು ನಾನು, ಥೂ!

ಎರಡು ಸಾವಿರ ಇಸವಿ ದಾಟಿದ ಮೇಲಿನ ಸಂಗತಿ. ಅಪ್ಪ, ಅವ್ವ ಶ್ರೀರಾಂಪುರದಾಚೆ ಹೊಲದ ಮನೆಯಲ್ಲಿದ್ದರು. ಕುರಿಹಟ್ಟಿ ಅಲ್ಲೇ ಇದ್ದುದರಿಂದ ಊರೊಳಗೆ ಬನ್ನಿ ಎಂದರೆ ಕೇಳುತ್ತಿರಲಿಲ್ಲ. ಕರೆಂಟಿನ ಕಂಬ ಅಷ್ಟು ದೂರ ಬಂದಿರಲಿಲ್ಲ. ಅವ್ವನಿಗೆ ಉಬ್ಬಸ. ಔಷಧಿಯನ್ನು ಹಬೆಯಂತೆ ಮಾಡಿ ಮೂಗಿಗೆ ಬಿಡುವ ನೆಬ್ಯುಲೈಸರ್ ಮನೆಯಲ್ಲೇ ಇರಲಿ ಎಂದು ಹೊಸದುರ್ಗದ ಡಾಕ್ಟರು ಹೇಳಿದ್ದರು. ಅದಕ್ಕಾಗಿಯೇ ಸೂರಿನ ಮೇಲೆ ಸೋಲಾರ್ ಹಲಗೆ, ಒಳಗೆ ಎರಡು ಬ್ಯಾಟರಿ ಕೂರಿಸಿದೆವು. ಬ್ಯಾಟರಿಯ ಕರೆಂಟನ್ನು ಮಶೀನಿಗೆ ಒಗ್ಗಿಸಿಕೊಡುವ ಇನ್ವರ್ಟರ್ ಒಂದು ಬಾಕಿ ಉಳಿದಿತ್ತು.

ಅಂಗಡಿಯವನು ಎರಡನ್ನು ತೋರಿಸಿದ. ಅಪ್ಪ ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ಸಂತೆಯಲ್ಲಿ ಟಗರನ್ನು ಎತ್ತಿ ನೋಡುವಂತೆ ಎರಡನ್ನೂ ಒಂದೊಂದಾಗಿ ಎತ್ತಿ ನೋಡಿದ.

"ಇದು ಗಟ್ಟಿ ಐತೆ. ಅದ್ರಾಗೆ ಏನೂ ಇಲ್ಲ, ಬರೀ ಡಬ್ಬ," ಎಂದು ಭಾರದ್ದರ ಬೆನ್ನು ತಟ್ಟಿದ.

ನಾನು ಅಷ್ಟರಲ್ಲಿ ಎರಡರ ಕಾಗದವನ್ನೂ ಓದಿ ಮುಗಿಸಿದ್ದೆ. ಭಾರದ್ದು, ಯಾವ ಮಶೀನೂ ಓಡದಿದ್ದರೂ, ಸ್ವಿಚ್ ಹಾಕಿಟ್ಟಷ್ಟು ಹೊತ್ತೂ ಬ್ಯಾಟರಿಯನ್ನು ತಿನ್ನುತ್ತಲೇ ಇರುತ್ತದೆ. ಹಗುರದ್ದು ಅದರ ಕಾಲು ಭಾಗವನ್ನೂ ತಿನ್ನುವುದಿಲ್ಲ. ಎಲ್ಲ ಅಚ್ಚಾಗಿತ್ತು, ಕಣ್ಣಾರೆ ಕಂಡೆ.

ಆದರೆ ನಮ್ಮ ಕುರಿಯವರ ಮನೆಗಳಲ್ಲಿ ಒಂದು ಪದ್ಧತಿ. ಹಿರಿಯರು ಟಗರಿನ ಬೆನ್ನು ತಟ್ಟಿದರೆಂದರೆ ಮುಗಿಯಿತು, ಮಾರುವವನ ಮುಂದೆ ಮನೆಯವರು ಎದುರಾಡಬಾರದು. ಆಡಿದರೆ ಹಿರಿಯನ ಕೈಗೆ ಬೆಲೆಯಿಲ್ಲ ಎಂದು ನಾಲ್ಕು ಜನ ನಗುತ್ತಾರೆ. ಬಾಯಿ ಮುಚ್ಚಿಕೊಂಡೆ. ಬಸ್ಸಿನಲ್ಲಾದರೂ ಹೇಳಬಹುದಿತ್ತು. ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದವರಿಗೆಲ್ಲ ಎತ್ತಿ ನೋಡಲು ಕೊಡುತ್ತಾ ಕೂತಿದ್ದ. ನನಗೆ ಮನಸ್ಸು ಬರಲಿಲ್ಲ.

ಅವ್ವನಿಗೆ ಯಾವಾಗ ಬೇಕಾಗುತ್ತದೋ ಎಂದು ಅಪ್ಪ ಅದನ್ನು ಆರಿಸುತ್ತಲೇ ಇರಲಿಲ್ಲ. ಬೇಸಿಗೆ ಪೂರ್ತಿ ಬಿಸಿಲಿತ್ತು, ತಿಂದದ್ದು ಮತ್ತೆ ತುಂಬುತ್ತಿತ್ತು. ಬೇಡದಾಗ ಆರಿಸಿಡು ಎಂದು ಒಂದು ಮಾತು ಹೇಳಿದ್ದರೂ ಸಾಕಿತ್ತು. ಹೇಳಿದರೆ, ಅಂಗಡಿಯಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾನಲ್ಲ ಎಂದು ಸುಮ್ಮನಾದೆ. ಇಂಥ ಹೇಡಿ ನಾನು.

ಆಷಾಢ ಬಂತು. ನಮ್ಮ ಕಡೆಯ ಆಷಾಢವೆಂದರೆ ಗೊತ್ತಲ್ಲ, ಹನಿ ಮಳೆಯಿಲ್ಲ, ದಿನಗಟ್ಟಲೆ ಬರೀ ಮೋಡ, ಗಾಳಿ. ಒಂದು ಭಾನುವಾರ ನಾನು ಅಲ್ಲಿದ್ದಾಗಲೇ, ಮಧ್ಯಾಹ್ನ, ಅವ್ವನಿಗೆ ಉಬ್ಬಸ ಏರಿತು. ಅಪ್ಪ ಮುಖಕ್ಕೆ ಮಾಸ್ಕ್ ಹಿಡಿದ, ನಾನು ಗುಂಡಿ ಒತ್ತಿದೆ. ಮಶೀನು ಒಂದು ಸಲ ಗುರ್ ಎಂದು ನಿಂತುಹೋಯಿತು. ಇನ್ವರ್ಟರ್ ಕೂಗಿ ಕೂಗಿ ಆರಿತು. ಬ್ಯಾಟರಿ ಬರಿದಾಗಿತ್ತು. ಪಕ್ಕದ ಹೊಲದವರ ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಹೊರಟೆವು. ಗಾಳಿ ಅಷ್ಟು ಬೀಸುತ್ತಿತ್ತು, ಅವಳ ಎದೆಯೊಳಕ್ಕೆ ಒಂದಿಷ್ಟೂ ಇಳಿಯಲಿಲ್ಲ. ಶ್ರೀರಾಂಪುರ ಮುಟ್ಟುವ ಮೊದಲೇ ಅವ್ವ ಹೋದಳು.

ತಿಥಿ ಕಳೆದ ಮೇಲೆ ರಿಪೇರಿಯವನು ಬಂದ. ಈ ಪೆಟ್ಟಿಗೆಯೇ ಕೂತಲ್ಲೇ ಬ್ಯಾಟರಿ ತಿಂದು ಹಾಕಿದೆ, ಕಾಗದದಲ್ಲೇ ಬರೆದಿರುತ್ತದಲ್ಲ ಎಂದು ಹೇಳಿ ಹೋದ. ಅಪ್ಪ ಮೆಲ್ಲಗೆ ಕೇಳಿದ, "ನೀನು ಓದಿದೋನು. ನಿಂಗೆ ಅವತ್ತೇ ಗೊತ್ತಿತ್ತೇನಪ್ಪ?"

"ಇಲ್ಲ," ಎಂದೆ.

ಅಪ್ಪ ನಂಬಿದ. "ಹಂಗಾರೆ ನಾನೇ ಕೊಂದೆ ಬಿಡು ಅವಳ್ನ," ಎಂದ.

ಆಮೇಲೆ ಮೂರು ವರ್ಷ ಬದುಕಿದ್ದ. ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದೆ.